ಕೆಲಸ ಹೋದ ದಿನವೇ ಕೇಳಿದ ಒಪ್ಪಿಗೆ

2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬೈಜೂಸ್ 2,500 ಮಂದಿಯನ್ನು ತೆಗೆಯುವುದಾಗಿ ಹೇಳಿತು. ನವೆಂಬರ್‌ನಲ್ಲಿ ಮೆಟಾ 11,000, ಮುಂದಿನ ಜನವರಿಯಲ್ಲಿ ಗೂಗಲ್ 12,000 ಎಂದವು. ಆ ತಿಂಗಳುಗಳಲ್ಲಿ ಲೇಆಫ್ ಆದವರ ಹೆಸರು, ಹುದ್ದೆ, ಊರು, ಸಂಪರ್ಕದ ವಿವರ ತುಂಬಿದ ಸ್ಪ್ರೆಡ್‌ಶೀಟ್‌ಗಳು ಲಿಂಕ್ ಸಿಕ್ಕವರೆಲ್ಲ ನೋಡುವಂತೆ ಹರಿದಾಡಿದವು. ಮಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಆ ಪಟ್ಟಿಗೆ ಬಾಗಿಲೇ ಇಲ್ಲ ಎಂಬುದು ನನ್ನ ತಕರಾರು. ವಿಜಯನಗರದಿಂದ ನೇರಳೆ ಮಾರ್ಗದ ಮೆಟ್ರೊದಲ್ಲಿ ವೈಟ್‌ಫೀಲ್ಡ್‌ಗೆ ಹೋಗಿಬರುವವರ, ಕೆಂಗೇರಿಯಿಂದ ಮೈಸೂರು ರಸ್ತೆಯ ಗ್ಲೋಬಲ್ ವಿಲೇಜ್‌ಗೆ ಹೋಗುವವರ ಕೆಲಸ ಹೋದದ್ದು ರೆಕ್ರೂಟರ್‌ಗೆ ತಿಳಿದರೆ ಇಂಟರ್‌ವ್ಯೂಗೆ ಕರೆದಾರು. ಅದೇ ಸಾಲು ಬಸವೇಶ್ವರನಗರದ ಮನೆ ಓನರ್ ಕಣ್ಣಿಗೆ ಬಿದ್ದರೆ ಬಾಡಿಗೆ ಕರಾರು ಮುಂದುವರಿಸಲು ಅನುಮಾನಿಸುತ್ತಾರೆ. ಹೆಣ್ಣಿನ ಕಡೆಯವರಿಗೆ ತಿಳಿದರೆ ಜಾತಕ ಕೂಡಿದ್ದರೂ ಮಾತುಕತೆ ನಿಲ್ಲುತ್ತದೆ. ಕೆಲಸ ಕೊಡಿಸುತ್ತೇವೆಂದು ಹಣ ಕೀಳುವ ವಂಚಕರಿಗಂತೂ ಯಾರಿಗೆ ಯಾವಾಗ ಫೋನ್ ಮಾಡಬೇಕೆಂದು ಪಟ್ಟಿಯೇ ಹೇಳಿಕೊಡುತ್ತದೆ. ಹೆಸರು ಬರೆದವರು ಇವರಲ್ಲಿ ಮೊದಲನೆಯವರಿಗಷ್ಟೇ ಒಪ್ಪಿದ್ದರು.

ಇದಕ್ಕಿಂತ ಎಚ್ಚರದ ಪದ್ಧತಿ ನಮ್ಮಲ್ಲೇ ಇತ್ತು. ರಾಜಾಜಿನಗರದ ಕಾರ್ಮಿಕರ ಮನೆಗಳಲ್ಲಿ ಓದು ಮುಗಿಸಿದ ಮಕ್ಕಳು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜ್‌ನಲ್ಲಿ ಹೆಸರು ಬರೆಸುತ್ತಿದ್ದರು. ಆ ರಿಜಿಸ್ಟರ್ ಗೋಡೆಗೆ ಅಂಟಿಸುವಂಥದ್ದಾಗಿರಲಿಲ್ಲ. ಹುದ್ದೆ ಖಾಲಿಯಿದೆ ಎಂದ ಸಂಸ್ಥೆಗೆ ಅರ್ಹರ ಹೆಸರುಗಳಷ್ಟೇ ಹೋಗುತ್ತಿದ್ದವು. ಖಾಲಿ ಹುದ್ದೆಯನ್ನು ತಿಳಿಸುವ ಹೊಣೆಯನ್ನು 1959ರ ಕಾಯ್ದೆ ಉದ್ಯೋಗದಾತರ ಮೇಲೆ ಹೊರಿಸಿತ್ತು. ಕಾರ್ಡ್ ನವೀಕರಿಸದಿದ್ದರೆ ಹೆಸರು ಬಿಟ್ಟುಹೋಗುತ್ತಿತ್ತು. ಆ ಕಚೇರಿಗಳ ನಿಧಾನವನ್ನು ಹೊಗಳಲಾರೆ, ಕರೆಗಾಗಿ ವರ್ಷಗಟ್ಟಲೆ ಕಾದವರಿದ್ದಾರೆ. ಆದರೂ ಕೆಲಸ ಇರುವವರು ಮೊದಲು ಬಾಯಿಬಿಡಬೇಕು, ಕೆಲಸ ಬೇಕಾದವರು ಊರಿಗೆಲ್ಲ ತೆರೆದುಕೊಳ್ಳಬೇಕಿಲ್ಲ ಎಂಬ ಕ್ರಮ ಸರಿಯಾಗಿತ್ತು.

ಅವರೇ ಬರೆದರಲ್ಲ, ಬಲವಂತವೇನಿತ್ತು ಎಂದು ಕೇಳುವವರಿದ್ದಾರೆ. ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಹೂಡಿದ ಅರ್ಜಿಯಿಂದಾಗಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಸ್ವತಂತ್ರವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ಹಿಂಪಡೆಯುವಂತಿರಬೇಕು ಎನ್ನುತ್ತದೆ. ಆದರೆ ವ್ಯಕ್ತಿ ತಾನೇ ಸಾರ್ವಜನಿಕಗೊಳಿಸಿದ ಮಾಹಿತಿಯನ್ನು ಅದೇ ಕಾಯ್ದೆ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿದೆ. ತೆರೆದ ಪಟ್ಟಿಯಲ್ಲಿ ತನ್ನ ನಂಬರ್ ತಾನೇ ಬರೆದವರಿಗೆ, ರಕ್ಷಣೆ ಹೆಚ್ಚು ಬೇಕಾದ ಗಳಿಗೆಯಲ್ಲೇ ಅದು ಸಿಗುವುದಿಲ್ಲ. ಇನ್ನು ಆ ಒಪ್ಪಿಗೆ ಎಷ್ಟು ಸ್ವತಂತ್ರ? ಅಮೆರಿಕದಲ್ಲಿ ಎಚ್‌-1ಬಿ ವೀಸಾದಲ್ಲಿರುವ ಕನ್ನಡಿಗರಿಗೆ ಕೆಲಸ ಹೋದಮೇಲೆ ಹೆಚ್ಚೆಂದರೆ 60 ದಿನಗಳ ಅವಕಾಶ. ಇಲ್ಲಿರುವವರಿಗೆ ತಿಂಗಳ ಐದನೇ ತಾರೀಖಿನ ಇಎಂಐ. ಲ್ಯಾಪ್‌ಟಾಪ್ ಹಿಂದಿರುಗಿಸಿದ ಸಂಜೆಯೇ ತುಂಬಿದ ಸಾಲನ್ನು ಕೊನೆಯಿಲ್ಲದ ಅನುಮತಿಯೆಂದು ಓದುವುದು ಅನ್ಯಾಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ: ಮುಚ್ಚಿಟ್ಟಷ್ಟೂ ಕೆಲಸ ಹೋಗುವುದು ಅವಮಾನವೆಂಬ ಭಾವನೆ ಬಲಿಯುತ್ತದೆ, ಎಲ್ಲರೂ ಹೆಸರು ಹೇಳಿಕೊಂಡರೆ ಅದು ಕರಗುತ್ತದೆ. ನಿಜವಿದೆ, ಹಾಗೆ ಹೇಳಿಕೊಂಡವರ ಧೈರ್ಯ ದೊಡ್ಡದು. ಆದರೆ ಸಮಾಜದ ಕಣ್ಣನ್ನು ತಿದ್ದುವ ಕೆಲಸವನ್ನು ಸಂಬಳ ನಿಂತವರ ತಲೆಗೆ ಕಟ್ಟಲಾಗದು. ತೆರೆದಿಡಬೇಕಾದ ಪಟ್ಟಿ ಬೇರೆಯೇ ಇದೆ: ಯಾವ ಕಂಪನಿ, ಯಾವ ತಿಂಗಳು, ಎಷ್ಟು ಮಂದಿಯನ್ನು, ಯಾವ ಕಾರಣ ಹೇಳಿ ತೆಗೆಯಿತು. ಅದು ಗೋಡೆಗೆ ಅಂಟಲಿ. ಕೆಲಸಗಾರರ ಹೆಸರುಗಳು ಮಾತ್ರ ರೆಕ್ರೂಟರ್ ತಾನು ಯಾರೆಂದು ತಿಳಿಸಿ ಕೇಳಿದಾಗ, ಆಯಾ ವ್ಯಕ್ತಿ ಹೂಂ ಎಂದಮೇಲೆ ತಲುಪಲಿ. ಕೆಲಸ ಹುಡುಕುತ್ತಿರುವುದನ್ನು ರೆಕ್ರೂಟರ್‌ಗಳಿಗಷ್ಟೇ ತೋರಿಸುವ ಆಯ್ಕೆ ಲಿಂಕ್ಡ್‌ಇನ್‌ನಲ್ಲಿದೆ; ಸ್ನೇಹದಿಂದ ಪಟ್ಟಿ ಮಾಡುವವರಿಗೂ ಅಷ್ಟು ಕಷ್ಟವಾಗಲಾರದು. ಮೂರು ತಿಂಗಳಿಗೊಮ್ಮೆ ಮತ್ತೆ ಕೇಳಲಿ, ಉತ್ತರ ಬಾರದ ಸಾಲುಗಳನ್ನು ಅಳಿಸಲಿ. ಇಳಿಸಿಕೊಂಡ ಪ್ರತಿಗಳನ್ನು ಯಾರೂ ಅಳಿಸಲಾಗದು, ಆದ್ದರಿಂದ ಫೋನ್ ನಂಬರಿನ ಅಂಕಣ ಮೊದಲ ದಿನದಿಂದಲೇ ಇರಬಾರದು.