ಓಕ್ ಮರ ಉರುಳಿದ್ದರಿಂದ ರುಜುವಾತಾದದ್ದೇನು?

ಕ್ರಿ.ಶ. 723ರ ಸುಮಾರಿಗೆ, ಈಗಿನ ಜರ್ಮನಿಯ ಹೆಸ್ಸೆ ಸೀಮೆಯ ಗೈಸ್ಮಾರ್ ಎಂಬಲ್ಲಿ ಒಬ್ಬ ಬಿಷಪ್ ಕೊಡಲಿ ಹಿಡಿದು ಓಕ್ ಮರವೊಂದರ ಮುಂದೆ ನಿಂತರು. ಅದು ಗುಡುಗಿನ ದೇವರಾದ ಡೋನಾರನ ಮರ. ಸುತ್ತ ನೆರೆದ ಜನ ಮನಸ್ಸಿನಲ್ಲೇ ಶಾಪ ಹಾಕುತ್ತಿದ್ದರು. ಸಿಡಿಲು ಬಡಿದು ಈ ಪರದೇಶಿ ಈಗ ಬೂದಿಯಾಗುತ್ತಾನೆ ಎಂದು ಕಾಯುತ್ತಿದ್ದರು. ಬುಡಕ್ಕೆ ಸಣ್ಣದೊಂದು ಕಚ್ಚು ಬೀಳುತ್ತಿದ್ದಂತೆ ಜೋರು ಗಾಳಿ ಬೀಸಿತು, ಮರ ನಾಲ್ಕು ಹೋಳಾಗಿ ನೆಲಕ್ಕುರುಳಿತು. ಸಿಡಿಲು ಬೀಳಲಿಲ್ಲ. ಶಾಪ ಹಾಕಿದವರೇ ಹೊಸ ದೇವರನ್ನು ಕೊಂಡಾಡಿದರು. ಅದೇ ಮರದ ಹಲಗೆಗಳಿಂದ ಸಂತ ಪೇತ್ರರ ಹೆಸರಿನಲ್ಲಿ ಪ್ರಾರ್ಥನಾಲಯವೊಂದು ಎದ್ದಿತು.

ಆ ಬಿಷಪ್ ಸಂತ ಬೋನಿಫೇಸ್. ಅವರು ತೀರಿಕೊಂಡ ಕೆಲವೇ ವರ್ಷಗಳಲ್ಲಿ ವಿಲಿಬಾಲ್ಡ್ ಎಂಬ ಪಾದ್ರಿ ಬರೆದ ಜೀವನಚರಿತ್ರೆಯಲ್ಲಿ ಈ ಪ್ರಸಂಗ ಬರುತ್ತದೆ. ಸಾವಿರದ ಮುನ್ನೂರು ವರ್ಷ ಕಳೆದರೂ ಹಲವು ಚಿತ್ರಗಳಲ್ಲಿ ಅವರ ಪಕ್ಕಕ್ಕೆ ಕೊಡಲಿ ಇರುತ್ತದೆ. ದೇವರನ್ನು ನಂಬುವ ಯಾರೇ ಆಗಲಿ ಈ ಕತೆಯ ಮುಂದೆ ನಿಂತು ಕೇಳಬೇಕಾದ ಪ್ರಶ್ನೆಯೊಂದಿದೆ. ಒಬ್ಬರ ಪವಿತ್ರ ವಸ್ತು ಮುರಿದುಬಿದ್ದರೆ ಇನ್ನೊಬ್ಬರ ದೇವರು ನಿಜವೆಂದು ರುಜುವಾತಾಗುತ್ತದೆಯೇ?

ಪ್ರಶ್ನೆ ಯುರೋಪಿನದು ಮಾತ್ರ ಅಂದುಕೊಳ್ಳುವ ಹಾಗಿಲ್ಲ. ಹರಿಹರದಿಂದ ಬಹಳ ದೂರವೇನೂ ಇಲ್ಲದ, ಹಾವೇರಿ ಜಿಲ್ಲೆಯ ಹಿರೇಕೆರೂರು ಸೀಮೆಯ ಅಬ್ಬಲೂರಿನಲ್ಲಿ ಸುಮಾರು 1200ರ ಶಾಸನವೊಂದಿದೆ. ಏಕಾಂತದ ರಾಮಯ್ಯನೆಂಬ ಶಿವಭಕ್ತ ಅಲ್ಲಿನ ಜೈನರ ಜೊತೆ ಪಣ ಕಟ್ಟಿದ ಕತೆಯನ್ನು ಅದು ಹೇಳುತ್ತದೆ. ತಲೆ ಕತ್ತರಿಸಿಕೊಂಡು ಶಿವನಿಗೆ ಅರ್ಪಿಸುತ್ತೇನೆ, ಅದು ಮರಳಿ ಬಂದರೆ ಜಿನನನ್ನು ತೆಗೆದು ಶಿವನನ್ನು ಪ್ರತಿಷ್ಠಾಪಿಸಬೇಕು ಎಂಬುದು ಪಣ. ಅದನ್ನು ಓಲೆಯಲ್ಲಿ ಬರೆಸಿಕೊಂಡದ್ದೂ ಆಯಿತು. ಏಳನೆಯ ದಿನ ತಲೆ ಮರಳಿತು ಎನ್ನುತ್ತದೆ ಶಾಸನ. ಎದುರಾಳಿಗಳು ಮಾತಿಗೆ ತಪ್ಪಿದರು, ರಾಮಯ್ಯ ಜಿನಬಿಂಬವನ್ನು ಒಡೆದ, ದೂರು ರಾಜ ಬಿಜ್ಜಳನ ಬಳಿಗೆ ಹೋಯಿತು, ಬಿಜ್ಜಳ ರಾಮಯ್ಯನಿಗೇ ಜಯಪತ್ರ ಕೊಟ್ಟ. ಗೈಸ್ಮಾರ್‌ಗೂ ಅಬ್ಬಲೂರಿಗೂ ನಡುವೆ ಸಮುದ್ರಗಳಿವೆ, ಶತಮಾನಗಳಿವೆ. ಕತೆಯ ಎಲುಬು ಮಾತ್ರ ಒಂದೇ. ಪವಾಡ, ಒಡೆಯುವುದು, ಕೊನೆಗೆ ರಾಜಮುದ್ರೆ.

ಆ ರಾಜಮುದ್ರೆ ಬೋನಿಫೇಸರ ಬಳಿಯೂ ಇತ್ತು. ಫ್ರಾಂಕರ ನಾಡಿನ ಆಳ್ವಿಕೆಯನ್ನು ಕೈಯಲ್ಲಿಟ್ಟುಕೊಂಡಿದ್ದ ಚಾರ್ಲ್ಸ್ ಮಾರ್ಟೆಲ್ ಅವರಿಗೆ ರಕ್ಷಣೆಯ ಪತ್ರ ಬರೆದುಕೊಟ್ಟಿದ್ದ. ಅದರ ಬೆಲೆ ಏನೆಂದು ಬಿಷಪ್ಪರಿಗೆ ಚೆನ್ನಾಗಿ ಗೊತ್ತಿತ್ತು. ಫ್ರಾಂಕರ ಒಡೆಯನ ಆಸರೆ ಇಲ್ಲದಿದ್ದರೆ ಜನರನ್ನು ನಡೆಸುವುದಾಗಲೀ ಪಾದ್ರಿಗಳನ್ನು ಕಾಪಾಡುವುದಾಗಲೀ ವಿಗ್ರಹಾರಾಧನೆಯನ್ನು ತಡೆಯುವುದಾಗಲೀ ತಮ್ಮಿಂದ ಆಗದೆಂದು ವಿಂಚೆಸ್ಟರಿನ ಬಿಷಪ್ ಡೇನಿಯಲ್ಲರಿಗೆ ಬರೆದ ಪತ್ರದಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಮರ ಕಡಿದ ಕೈಯ ಹಿಂದೆ ದೇವರ ಬಲವೊಂದೇ ಇರಲಿಲ್ಲ ಎಂಬುದಕ್ಕೆ ಇದಕ್ಕಿಂತ ಪ್ರಾಮಾಣಿಕ ಸಾಕ್ಷಿ ಬೇಕಿಲ್ಲ.

ಇನ್ನೂ ದೊಡ್ಡ ಸಾಕ್ಷಿ ಅವರ ಸಾವು. ಎಂಬತ್ತರ ಆಸುಪಾಸಿನ ವಯಸ್ಸಿನಲ್ಲಿ, ಆರ್ಚ್‌ಬಿಷಪ್ ಪದವಿಯ ನೆಮ್ಮದಿಯನ್ನು ಬಿಟ್ಟು, ಅವರು ಫ್ರೀಸಿಯಾಕ್ಕೆ ಹೊರಟರು. ಅದು ಅವರ ಮೊದಲ ಸೋಲಿನ ನಾಡು. 716ರಲ್ಲಿ ಹೋಗಿ ಬರಿಗೈಯಲ್ಲಿ ಹಿಂತಿರುಗಿದ್ದರು. ಈ ಬಾರಿ ಹೊರಡುವಾಗ ಪುಸ್ತಕಗಳ ಪೆಟ್ಟಿಗೆಯೊಳಗೆ ಶವಕ್ಕೆ ಸುತ್ತುವ ನಾರುಬಟ್ಟೆಯನ್ನೂ ಇಡಿ ಎಂದು ಶಿಷ್ಯ ಲುಲ್ಲನಿಗೆ ಹೇಳಿದ್ದರಂತೆ. 754ರ ಜೂನ್ 5ರಂದು, ಡೋಕ್ಕುಮ್ ಬಳಿ, ಹೊಸದಾಗಿ ದೀಕ್ಷಾಸ್ನಾನ ಪಡೆದವರಿಗಾಗಿ ಕಾಯುತ್ತಿದ್ದ ಗುಡಾರಗಳಿಗೆ ಆಯುಧ ಹಿಡಿದ ಗುಂಪು ನುಗ್ಗಿತು. ಬೋನಿಫೇಸ್ ತಮ್ಮವರಿಗೆ ತಿರುಗಿ ಹೊಡೆಯಬೇಡಿ ಎಂದರು. ಅವರೂ ಸತ್ತರು, ಜೊತೆಗಿದ್ದ ಐವತ್ತಕ್ಕೂ ಹೆಚ್ಚು ಮಂದಿಯೂ ಸತ್ತರು. ಬಂಗಾರ ಸಿಗುತ್ತದೆಂದು ಪೆಟ್ಟಿಗೆ ಒಡೆದವರಿಗೆ ಸಿಕ್ಕಿದ್ದು ಪುಸ್ತಕಗಳು. ಸಿಟ್ಟಿನಿಂದ ಅವನ್ನು ಜೌಗು ನೆಲದಲ್ಲಿ, ಜೊಂಡಿನ ನಡುವೆ ಎಸೆದು ಹೋದರು. ಕತ್ತಿಯೇಟಿನ ಗಾಯಗಳಿರುವ ಒಂದು ಹಸ್ತಪ್ರತಿ ಈಗಲೂ ಜರ್ಮನಿಯ ಫುಲ್ಡಾದಲ್ಲಿದೆ. ಏಟು ತಪ್ಪಿಸಿಕೊಳ್ಳಲು ಅವರು ತಲೆಯ ಮೇಲೆ ಎತ್ತಿಹಿಡಿದದ್ದು ಅದನ್ನೇ ಎಂದು ಪರಂಪರೆ ನಂಬುತ್ತದೆ.

ಡೋನಾರ ತನ್ನ ಮರವನ್ನು ಕಾಯಲಿಲ್ಲ, ಆದ್ದರಿಂದ ಡೋನಾರನಿಲ್ಲ ಎಂಬುದು ಗೈಸ್ಮಾರ್‌ನ ತರ್ಕ. ಅದೇ ತರ್ಕವನ್ನು ಡೋಕ್ಕುಮ್‌ಗೆ ಒಯ್ದರೆ ಏನಾಗುತ್ತದೆ? ಕ್ರಿಸ್ತನ ದೇವರು ತನ್ನ ಬಿಷಪ್ಪನನ್ನು ಕಾಯಲಿಲ್ಲ. ಗಾಳಿ ಬೀಸಲಿಲ್ಲ, ಕತ್ತಿ ಹೋಳಾಗಲಿಲ್ಲ. ಇದನ್ನು ಯಾವ ಕ್ರೈಸ್ತರೂ ದೇವರಿಲ್ಲವೆಂಬುದಕ್ಕೆ ರುಜುವಾತು ಅಂದುಕೊಳ್ಳಲಿಲ್ಲ. ಹುತಾತ್ಮನ ಗೌರವ ಅಂದುಕೊಂಡರು. ಅಂದುಕೊಂಡದ್ದು ಸರಿಯೇ. ಶಿಲುಬೆಯ ಮೇಲೆ ಸತ್ತವನನ್ನು ದೇವರೆನ್ನುವ ಧರ್ಮಕ್ಕೆ ಸೋಲು ಸುಳ್ಳಿನ ಗುರುತಾಗಲಾರದು. ಹಾಗಿದ್ದ ಮೇಲೆ ಓಕ್ ಮರದ ಸೋಲನ್ನೂ ಸುಳ್ಳಿನ ಗುರುತಾಗಿ ಎಣಿಸುವ ಹಕ್ಕು ಉಳಿಯುವುದಿಲ್ಲ. ಬೋನಿಫೇಸರ ಸಾವು ಅವರ ಕೊಡಲಿಗೆ ಕೊಟ್ಟ ಉತ್ತರ ಇದು.

ಅಬ್ಬಲೂರಿನ ಶಾಸನ ಹುಟ್ಟಿ ಒಂದು ತಲೆಮಾರು ಕಳೆಯುವುದರೊಳಗೆ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಬೇರೆಯೇ ಒಂದು ಪ್ರಯತ್ನ ನಡೆಯಿತು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ನಿಂತಿರುವ ಮೂರ್ತಿಯ ಬಲ ಅರ್ಧ ಶಿವ, ಎಡ ಅರ್ಧ ವಿಷ್ಣು. ಒಂದು ಬದಿಯ ಕೈಯಲ್ಲಿ ತ್ರಿಶೂಲ, ಇನ್ನೊಂದು ಬದಿಯಲ್ಲಿ ಚಕ್ರ. ಹರಿಯಿಂದಲೂ ಹರನಿಂದಲೂ ಸಾವಿಲ್ಲವೆಂಬ ವರ ಪಡೆದಿದ್ದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರೆಂಬ ಕತೆ ಊರಿನವರ ಬಾಯಲ್ಲಿದೆ. ಗುಡಿಯ ಶಾಸನ ಹೇಳುವುದು ಇನ್ನೂ ನೇರ: ಹರಿಯೇ ದೇವರೆಂದು ಕೆಲವರು, ಹರನೇ ದೇವರೆಂದು ಕೆಲವರು ವಾದಿಸುತ್ತಿದ್ದಾಗ ಜನರ ಸಂಶಯ ಕಳೆಯಲು ಕೂಡಲೂರಿನಲ್ಲಿ ಈ ಒಂದೇ ರೂಪ ಕಾಣಿಸಿಕೊಂಡಿತು ಎನ್ನುತ್ತದೆ. ಕೂಡಲೂರು ಹರಿಹರದ ಹಳೆಯ ಹೆಸರು. ಹರಿದ್ರಾ ನದಿ ತುಂಗಭದ್ರೆಯನ್ನು ಸೇರುವ ಜಾಗ. ಈ ಉತ್ತರಕ್ಕೂ ಮಿತಿಯಿದೆ. ಜಿನನಿಗೆ ಆ ಮೂರ್ತಿಯಲ್ಲಿ ಜಾಗವಿಲ್ಲ, ಇಷ್ಟಲಿಂಗವೊಂದನ್ನೇ ನಂಬಿದ ಶರಣರು ಇದನ್ನು ಒಪ್ಪುತ್ತಿರಲಿಲ್ಲ. ಆದರೂ ಯಾರ ಮರವನ್ನೂ ಕಡಿಯದೆ ಜಗಳವನ್ನೇ ಕಲ್ಲಿನಲ್ಲಿ ಎದುರಿಸಿದ ಧೈರ್ಯ ಅದರಲ್ಲಿದೆ.

ಚರ್ಚಿನೊಳಗೂ ಬೇರೆ ದಾರಿ ಇದ್ದೇ ಇತ್ತು. ಪೋಪ್ ಮಹಾ ಗ್ರೆಗರಿ 601ರಲ್ಲಿ ಇಂಗ್ಲೆಂಡಿನ ಕೆಂಟ್ ರಾಜನಿಗೆ ವಿಗ್ರಹಗಳ ಗುಡಿಗಳನ್ನು ಕೆಡವೆಂದು ಬರೆದರು. ಕೆಲವೇ ವಾರಗಳಲ್ಲಿ, ತುಂಬ ಯೋಚಿಸಿದ ಮೇಲೆ, ಮೆಲ್ಲಿಟಸ್ ಎಂಬ ಮಠಾಧಿಪತಿಗೆ ಬರೆದ ಪತ್ರದಲ್ಲಿ ಮಾತು ಬದಲಿಸಿದರು. ವಿಗ್ರಹಗಳನ್ನು ತೆಗೆಯಿರಿ, ಗುಡಿಗಳನ್ನು ಉಳಿಸಿ ತೀರ್ಥ ಚಿಮುಕಿಸಿ. ಜನ ಅಭ್ಯಾಸವಿದ್ದ ಜಾಗಕ್ಕೇ ಬರಲಿ, ಬಲಿ ಕೊಡುತ್ತಿದ್ದ ಎತ್ತುಗಳನ್ನು ಹಬ್ಬದ ಊಟಕ್ಕೆ ಬಳಸಲಿ. ಎತ್ತರಕ್ಕೆ ಏರುವವನು ಹೆಜ್ಜೆ ಹೆಜ್ಜೆಯಾಗಿ ಏರುತ್ತಾನೆಂಬುದು ಅವರ ನಂಬಿಕೆ. ಇದು ಪೂರ್ತಿ ಸಹಿಷ್ಣುತೆಯೇನಲ್ಲ, ಆದರೆ ಜನರ ಎದೆಯ ನೋವಿನ ಲೆಕ್ಕ ಇಟ್ಟಿರುವ ಮಾತು.

ಡೇನಿಯಲ್ಲರು ಬೋನಿಫೇಸರಿಗೇ ಬರೆದ ಸಲಹೆ ಇನ್ನೂ ಸೂಕ್ಷ್ಮ. ಅದೂ ಓಕ್ ಮರದ ಕಾಲದ ಆಸುಪಾಸಿನದೇ. ಆ ನಾಡಿನ ಜನರ ದೇವತೆಗಳ ವಂಶಾವಳಿಯನ್ನು ಅಲ್ಲಗಳೆಯಬೇಡಿ, ದೇವರುಗಳೂ ಹುಟ್ಟಿದವರೆಂದು ಅವರೇ ಹೇಳಲಿ, ಆಮೇಲೆ ಲೋಕಕ್ಕೆ ಆರಂಭವಿತ್ತೇ ಎಂದು ಕೇಳಿ. ಹಂಗಿಸಬೇಡಿ, ಕೆರಳಿಸಬೇಡಿ, ಸಮಾಧಾನದಿಂದ ಕೇಳಿ. ಎಂಟನೆಯ ಶತಮಾನದ ಒಬ್ಬ ಬಿಷಪ್ ಎದುರಿನವನ ಬುದ್ಧಿಯ ಮೇಲೆ ಇಷ್ಟು ಭರವಸೆ ಇಟ್ಟಿದ್ದರು ಎಂಬುದೇ ಮನಸ್ಸನ್ನು ಹಿಡಿದು ನಿಲ್ಲಿಸುತ್ತದೆ.

ಬೋನಿಫೇಸರ ನಿಜವಾದ ಕೆಲಸ ನಡೆದದ್ದೂ ಕೊಡಲಿಯಿಂದಲ್ಲ. ಅವರು ಹುಟ್ಟಾ ಮೇಷ್ಟ್ರು. ಲ್ಯಾಟಿನ್ ವ್ಯಾಕರಣ ಬರೆದವರು. ಅವರ ಪತ್ರಗಳ ತುಂಬ ಪುಸ್ತಕಗಳ ಬೇಡಿಕೆ. ಸಂತ ಪೇತ್ರರ ಪತ್ರಗಳನ್ನು ಚಿನ್ನದ ಅಕ್ಷರಗಳಲ್ಲಿ ಬರೆದು ಕಳಿಸಿ ಎಂದು ಮಠಾಧ್ಯಕ್ಷೆ ಎಡ್‌ಬರ್ಗಾಗೆ ಕೇಳುತ್ತಾರೆ. ಕಣ್ಣು ಮಂಜಾಗುತ್ತಿದೆ, ದೊಡ್ಡ ಸ್ಪಷ್ಟ ಅಕ್ಷರಗಳಲ್ಲಿರುವ ಪ್ರವಾದಿಗಳ ಗ್ರಂಥ ಕಳಿಸಿ ಎಂದು ಡೇನಿಯಲ್ಲರಿಗೆ ಬರೆಯುತ್ತಾರೆ. ಇಂಗ್ಲೆಂಡಿನಿಂದ ಲಿಯೋಬಾಳಂಥ ವಿದ್ಯಾವಂತ ಸನ್ಯಾಸಿನಿಯರನ್ನು ಕರೆಸಿ ಮಠಗಳನ್ನು ನಡೆಸಲು ಕೊಟ್ಟರು. 744ರಲ್ಲಿ ಶಿಷ್ಯ ಸ್ಟುರ್ಮ್ ಕೈಯಲ್ಲಿ ಫುಲ್ಡಾದ ಮಠ ಶುರುವಾಯಿತು. ಮುಂದೆ ಆ ನಾಡಿನ ದೊಡ್ಡ ಗ್ರಂಥಭಂಡಾರಗಳಲ್ಲೊಂದು ಅಲ್ಲೇ ಬೆಳೆಯಿತು. ಜರ್ಮನಿ ಕ್ರೈಸ್ತವಾಗಿ ಉಳಿದದ್ದು ಇವುಗಳಿಂದ.

ಹರಿಹರದಲ್ಲಿ ಇವತ್ತು ಆರೋಗ್ಯ ಮಾತೆಯ ಬೆಸಿಲಿಕಾ ಇದೆ, 1988ರಲ್ಲಿ ರಚನೆಯಾದ ಶಿವಮೊಗ್ಗ ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಸೆಪ್ಟೆಂಬರ್ 8ರ ಹಬ್ಬಕ್ಕೆ ದಾವಣಗೆರೆಯಿಂದ, ಸುತ್ತಲ ಜಿಲ್ಲೆಗಳಿಂದ ಎಲ್ಲ ಜಾತಿ ಧರ್ಮದವರೂ ಬರುತ್ತಾರೆ. ಮೇಣದ ಬತ್ತಿ ಹಚ್ಚುತ್ತಾರೆ, ಹರಕೆ ತೀರಿಸುತ್ತಾರೆ, ಮನೆದೇವರನ್ನು ಬಿಡದೆ ಹಿಂತಿರುಗುತ್ತಾರೆ. ಇದನ್ನು ಬೋನಿಫೇಸ್ ನೋಡಿದ್ದರೆ ಕಳವಳಪಡುತ್ತಿದ್ದರು, ಅದನ್ನು ಮುಚ್ಚಿಡಬೇಕಿಲ್ಲ. 742ರ ಸುಮಾರಿಗೆ ಅವರು ಮುಂದೆ ನಿಂತು ನಡೆಸಿದ ಧರ್ಮಸಭೆ, ಚರ್ಚಿನ ಪಕ್ಕದಲ್ಲೇ ಸಂತರ ಹೆಸರು ಹೇಳಿಕೊಂಡು ಹಳೆಯ ಬಲಿಗಳನ್ನು ಕೊಡುವುದನ್ನು ನಿಷೇಧಿಸಿತ್ತು. ಬೆರಕೆ ಭಕ್ತಿ ಅವರಿಗೆ ಅರೆಭಕ್ತಿ. ಆದರೆ ಕಾಯಿಲೆ ಮಗುವನ್ನು ಎತ್ತಿಕೊಂಡು ಮಾತೆಯ ಮುಂದೆ ಸಾಲಿನಲ್ಲಿ ನಿಂತ ಲಿಂಗಾಯತ ತಾಯಿಯ ಭಕ್ತಿ ಅರೆಯೋ ಪೂರ್ಣವೋ ಎಂದು ಅಳೆಯುವ ಕೆಲಸವನ್ನು ಯಾವ ಧರ್ಮಸಭೆಗೂ ಬಿಟ್ಟುಕೊಡಲು ಮನಸ್ಸು ಒಪ್ಪುವುದಿಲ್ಲ. ಅಲ್ಲಿ ಬೇಕಾದದ್ದು ಡೇನಿಯಲ್ಲರ ವಿಧಾನ: ಏನು ಬೇಡಿ ಬಂದೆ ತಾಯಿ ಎಂದು ಕೇಳಿ, ಅವಳ ಮಾತು ಮುಗಿಯುವ ತನಕ ಕಾಯುವುದು.