ತಲೆಕೆಳಗಾದ ಮನೆ

ಪೋಲೆಂಡ್ ದೇಶದ ಉತ್ತರಭಾಗದಲ್ಲಿ ಶಿಂಬಾರ್ಕ್ ಎಂಬ ಗ್ರಾಮವುಂಟು. ಅಲ್ಲಿ ಒಂದು ಮರದ ಮನೆ ತಲೆಕೆಳಗಾಗಿ ನಿಂತಿದೆ. ಮಾಡು ನೆಲವನ್ನು ಮುಟ್ಟಿದೆ, ತಳ ಆಕಾಶವನ್ನು ನೋಡುತ್ತಿದೆ. ಅಟ್ಟದ ಕಿಟಕಿಯೇ ಪ್ರವೇಶದ್ವಾರ. ಒಳಹೊಕ್ಕವನು ಛಾವಣಿಯ ಮೇಲೆ ನಡೆಯಬೇಕು. ಮೇಜು ಕುರ್ಚಿಗಳು ಅವನ ನೆತ್ತಿಯ ಮೇಲಿರುತ್ತವೆ. ಡ್ಯಾನಿಯಲ್ ಚಾಪಿಯೆವ್‌ಸ್ಕಿ ಎಂಬ ಉದ್ಯಮಿ ಇದನ್ನು 2007ರಲ್ಲಿ ಕಟ್ಟಿಸಿದರು. ಕೆಲವೇ ವಾರಗಳಲ್ಲಿ ಮುಗಿಯಬೇಕಾದ ಕೆಲಸಕ್ಕೆ 114 ದಿನಗಳು ಹಿಡಿದವು. ಕೆಲಸಗಾರರಿಗೆ ಪದೇ ಪದೇ ದಿಕ್ಕು ತಪ್ಪಿದಂತಾಗುತ್ತಿದ್ದುದೇ ಅದಕ್ಕೆ ಕಾರಣ.

ತಮ್ಮ ನಾಡು ಕಂಡ ಕಮ್ಯೂನಿಸ್ಟ್ ಆಡಳಿತವೂ ಇಂದಿನ ಲೋಕದ ನಡತೆಯೂ ತಲೆಕೆಳಗಾದುವೆಂದು ತೋರಿಸುವುದು ಅವರ ಉದ್ದೇಶವಾಗಿತ್ತು. ಈಗ ಇಂತಹ ಮನೆಗಳು ಹಲವು ದೇಶಗಳಲ್ಲಿ ಎದ್ದಿವೆ. ಬಹುತೇಕ ಎಲ್ಲವೂ ವಿನೋದಕ್ಕಾಗಿ. ವಿನೋದ ತಪ್ಪಲ್ಲ. ಮಕ್ಕಳು ನಕ್ಕರೆ ಶಿವನಿಗೇನೂ ಮುನಿಸಿಲ್ಲ.

ಆದರೆ ಆ ಮನೆಯೊಳಗೆ ಬಂದವರಿಗೆ ತಲೆ ಸುತ್ತುತ್ತದೆಯೆಂಬುದು ವಿಚಾರಯೋಗ್ಯವಾದ ಸಂಗತಿ. ಮೇಲು ಕೆಳಗುಗಳ ವಿಷಯದಲ್ಲಿ ಕಣ್ಣು ಒಂದನ್ನು ಹೇಳಿದರೆ, ದೇಹದ ಸಮತೋಲವನ್ನು ಕಾಯುವ ಒಳಗಿವಿ ಮತ್ತೊಂದನ್ನು ಹೇಳುತ್ತದೆ. ಈ ಎರಡು ಸಾಕ್ಷಿಗಳ ವಿರೋಧವೇ ತಲೆಸುತ್ತು. ಅದು ರೋಗವಲ್ಲ, ಎಲ್ಲಿಯೋ ತಪ್ಪಿದೆಯೆಂದು ದೇಹವು ಸಾರುವ ಪ್ರಾಮಾಣಿಕವಾದ ಮಾತು.

ಈ ಸಾಕ್ಷಿ ಎಷ್ಟು ದಿನ ನಿಲ್ಲುತ್ತದೆ? ಅಮೆರಿಕದ ಮನಶ್ಶಾಸ್ತ್ರಜ್ಞ ಜಾರ್ಜ್ ಸ್ಟ್ರಾಟನ್ ಅವರು ಒಂದು ಕಣ್ಣನ್ನು ಮುಚ್ಚಿ, ಇನ್ನೊಂದಕ್ಕೆ ಎಲ್ಲವನ್ನೂ ತಿರುಗುಮುರುಗಾಗಿ ತೋರಿಸುವ ಮಸೂರವನ್ನು ಕಟ್ಟಿಕೊಂಡು ದಿನಗಳನ್ನು ಕಳೆದರು. ಅದರ ವೃತ್ತಾಂತವನ್ನು 1897ರಲ್ಲಿ ಪ್ರಕಟಿಸಿದರು. ಮೊದಲು ಕೈಚಾಚಿದರೆ ವಸ್ತು ಸಿಕ್ಕುತ್ತಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ನಡಿಗೆ ಸರಾಗವಾಯಿತು. ಆ ಲೋಕವೇ ಸಹಜವೆಂಬಂತೆ ತೋರತೊಡಗಿತು. ಮಸೂರವನ್ನು ಬಿಚ್ಚಿದಾಗಲಾದರೋ, ನೆಟ್ಟಗಿದ್ದ ಲೋಕವೇ ಕೆಲವು ಗಂಟೆಗಳ ಕಾಲ ಗಲಿಬಿಲಿಗೊಳಿಸಿತು!

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ನಡೆದುದನ್ನು ಇದರೊಡನೆ ಇಟ್ಟು ನೋಡಬೇಕು. ಕಾಯಕದಲ್ಲಿ ಮೇಲು ಕೀಳಿಲ್ಲ, ಲಿಂಗವಂತರಲ್ಲಿ ಕುಲವಿಲ್ಲವೆಂದು ಶರಣರು ನಡೆದು ತೋರಿಸಿದರು. ಸಮಗಾರ ಹರಳಯ್ಯನವರ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸರ ಮಗಳಿಗೂ ವಿವಾಹವಾಯಿತೆಂದೂ, ಆ ಹಿರಿಯರಿಬ್ಬರೂ ಅದಕ್ಕಾಗಿ ಪ್ರಾಣ ತೆತ್ತರೆಂದೂ ಪರಂಪರೆ ಹೇಳುತ್ತದೆ. ಲೋಕವನ್ನು ಶರಣರೇ ತಲೆಕೆಳಗು ಮಾಡುತ್ತಿದ್ದಾರೆಂದು ಅಂದಿನವರಿಗೆ ತೋರಿತು. ಮಸೂರಕ್ಕೆ ಒಗ್ಗಿದ ಕಣ್ಣಿಗೆ ಬೇರೆ ಹೇಗೆ ತೋರೀತು?

ಆ ಶರಣರನ್ನೇ ಪೂರ್ವಜರೆಂದು ನೆನೆಯುವ ಸದ್ಗೃಹಸ್ಥರ ಮನೆಗಳಲ್ಲಿ ಇಂದು ಕನ್ಯೆಯನ್ನು ನೋಡಲು ಬಂದವರು ಏನನ್ನು ವಿಚಾರಿಸುತ್ತಾರೆ? ಹುಡುಗಿಯ ಗುಣ, ಲಿಂಗನಿಷ್ಠೆಗಳಿಗಿಂತ ಮೊದಲು ಒಳಪಂಗಡದ ಪ್ರಶ್ನೆ ಬರುತ್ತದೆ. ಉತ್ತರ ಹೊಂದದಿದ್ದರೆ ಉಪ್ಪಿಟ್ಟಿನ ತಟ್ಟೆ ಅಲ್ಲಿಯೇ ಉಳಿಯುತ್ತದೆ. ಕೇಳಿದವರಿಗೂ ಹೇಳಿದವರಿಗೂ ತಲೆ ಸುತ್ತುವುದಿಲ್ಲ. ಹುಡುಗಿಗೆ ಸುತ್ತಿದರೂ ಸುತ್ತಬಹುದು; ಅವಳನ್ನು ಕೇಳುವವರಿಲ್ಲ. ಇದು ಹಿರಿಯರಿಂದ ಬಂದ ರೂಢಿಯೆಂದು ಎಲ್ಲರೂ ಸಮಾಧಾನ ಪಡುತ್ತಾರೆ. ಹರಳಯ್ಯ ಮಧುವರಸರಿಗೆ ಶಿಕ್ಷೆಯಾಗಲೆಂದವರ ವಾದವೂ ಅದೇ ಆಗಿತ್ತು.