ಗಡಿಪಾರು ಶಿಕ್ಷೆಯಲ್ಲವೇ?

ಪರದೇಶಿಯನ್ನು ದೇಶದಿಂದ ಹೊರಹಾಕುವುದು ಶಿಕ್ಷೆಯಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟು 1893ರಲ್ಲಿ ಹೇಳಿತು. ಫಾಂಗ್ ಯೂ ಟಿಂಗ್ ಮತ್ತಿತರ ಚೀನೀ ಕಾರ್ಮಿಕರ ಮೊಕದ್ದಮೆ ಅದು. ಹಿಂದಿನ ವರ್ಷ ಬಂದಿದ್ದ ಗಿಯರಿ ಕಾಯ್ದೆಯ ಪ್ರಕಾರ ಚೀನೀ ಕಾರ್ಮಿಕರು ವಾಸಪತ್ರ ಪಡೆಯಬೇಕಿತ್ತು. ಪತ್ರವಿಲ್ಲದೆ ಸಿಕ್ಕಿಬಿದ್ದವನು ಕಾಯ್ದೆ ಬಂದಾಗ ತಾನು ಅಲ್ಲೇ ನೆಲೆಸಿದ್ದೆನೆಂದು ಸಾಧಿಸಲು ಬಿಳಿಯನೊಬ್ಬನ ಸಾಕ್ಷ್ಯ ಒದಗಿಸಬೇಕಿತ್ತು, ಇಲ್ಲದಿದ್ದರೆ ಗಡಿಪಾರು. ಗಡಿಪಾರು ಅವನನ್ನು ಸ್ವದೇಶಕ್ಕೆ ಮರಳಿಸುವ ಕ್ರಮವಷ್ಟೇ, ದಂಡನೆಯಲ್ಲ, ಆದ್ದರಿಂದ ಜ್ಯೂರಿ ವಿಚಾರಣೆಯಂಥ ರಕ್ಷಣೆಗಳು ಅವನಿಗಿಲ್ಲ ಎಂದಿತು ಬಹುಮತದ ತೀರ್ಪು. ಗಡಿಪಾರು ಶಿಕ್ಷೆಯೇ ಎಂದು ನ್ಯಾಯಮೂರ್ತಿ ಬ್ರೂವರ್ ಭಿನ್ನಮತ ಬರೆದರು. ನನ್ನ ಒಲವು ಬ್ರೂವರ್ ಕಡೆಗೆ.

ಗಡಿಪಾರನ್ನು ಶಿಕ್ಷೆಯೆಂದೇ ಕಾಣುವುದು ನಮಗೂ ಹೊಸದಲ್ಲ. ಮನುಸ್ಮೃತಿ ಬ್ರಾಹ್ಮಣನನ್ನು ಎಂಥ ಪಾಪಕ್ಕೂ ಕೊಲ್ಲಬಾರದು, ರಾಷ್ಟ್ರದಿಂದ ಹೊರಗಟ್ಟಬೇಕು ಎನ್ನುತ್ತದೆ. ಆ ಜಾತಿ ತಾರತಮ್ಯ ಒಪ್ಪತಕ್ಕದ್ದಲ್ಲ. ಆದರೆ ಹೊರಗಟ್ಟುವುದನ್ನು ಅದು ಮರಣದಂಡನೆಯ ಜಾಗದಲ್ಲಿಟ್ಟಿದೆ ಎಂಬುದು ಗಮನಾರ್ಹ. ರೌಡಿಶೀಟರ್‌ನನ್ನು ಜಿಲ್ಲೆಯಿಂದ ಗಡಿಪಾರು ಮಾಡಿದ ಸುದ್ದಿ ಓದಿದ ಕನ್ನಡಿಗನೂ ಅದನ್ನು ಶಿಕ್ಷೆಯೆಂದೇ ತಿಳಿಯುತ್ತಾನೆ, ಕಾನೂನು ಅದನ್ನು ಮುನ್ನೆಚ್ಚರಿಕೆ ಎಂದರೂ.

ಮನೆಗೆ ಬಂದ ಅತಿಥಿಗೆ ಹೊರಡಿ ಎನ್ನುವ ಹಕ್ಕು ಯಜಮಾನನಿಗಿಲ್ಲವೇ ಎಂದು ಕೇಳಬಹುದು. ಇದೆ, ದೇಶಕ್ಕೂ ಇದೆ. ಆದರೆ ಹೊಂಡುರಾಸ್‌ನಲ್ಲಿ ಹುಟ್ಟಿದ ಪಡಿಲ್ಲಾ ಎಂಬಾತ ಅಮೆರಿಕದಲ್ಲಿ ನಲವತ್ತು ವರ್ಷಕ್ಕೂ ಮಿಗಿಲಾಗಿ ನೆಲೆಸಿ, ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನ್ಯದಲ್ಲೇ ದುಡಿದಿದ್ದ. ಅವನನ್ನು ಅತಿಥಿ ಎನ್ನಲು ನಾಲಿಗೆ ಏಳದು. 2010ರಲ್ಲಿ ಅವನ ಪ್ರಕರಣದಲ್ಲಿ ಅದೇ ಕೋರ್ಟು ಗಡಿಪಾರು ಅತಿ ಕಠಿಣವಾದ ದಂಡ ಎಂದು ಒಪ್ಪಿತು. ಆದರೂ ಕ್ರಿಮಿನಲ್ ಶಿಕ್ಷೆಯ ಸಾಲಿಗೆ ಸೇರಿಸಲಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಅಪರಾಧಕ್ಕೆ ಪ್ರತಿಯಾಗಿ ಬೇಕೆಂದೇ ಕೊಡುವ ನೋವು ಮಾತ್ರ ಶಿಕ್ಷೆ. ಸೋಂಕಿತರನ್ನು ಪ್ರತ್ಯೇಕಿಸಿಡುವುದು ನೋವಾದರೂ ಶಿಕ್ಷೆಯಲ್ಲ, ಗಡಿಪಾರೂ ಹಾಗೆಯೇ ಎನ್ನುತ್ತದೆ ಅದು. ಈ ವಾದವನ್ನು ಒಪ್ಪಿದರೂ ಸರ್ಕಾರದ ಹೊಣೆ ಹಗುರಾಗದು. ಶಿಕ್ಷೆಯಲ್ಲವೆಂದರೆ ಹೊರಹೋಗುವವನು ಅಪರಾಧಿಯಲ್ಲ ಎಂದಾಯಿತು. ಅಪರಾಧಿಯಲ್ಲದವನ ಸಂಸಾರ, ಸಂಪಾದನೆ, ಊರು ಎಲ್ಲವನ್ನೂ ಕಿತ್ತುಕೊಳ್ಳುವಾಗ ಕಳ್ಳನಿಗೆ ತೋರಿಸುವುದಕ್ಕಿಂತ ಹೆಚ್ಚು ಎಚ್ಚರ ಬೇಕಲ್ಲವೇ? ನಡೆದಿರುವುದು ತದ್ವಿರುದ್ಧ. ಜೈಲಿಗೆ ಹೋಗಬಹುದಾದ ಬಡ ಆರೋಪಿಗೆ ಅಮೆರಿಕದಲ್ಲಿ ಸರ್ಕಾರದ ಖರ್ಚಿನಲ್ಲೇ ವಕೀಲರು ಸಿಗುತ್ತಾರೆ. ಗಡಿಪಾರಿನ ವಿಚಾರಣೆಗೆ ನಿಂತವನಿಗೆ ಆ ಹಕ್ಕಿಲ್ಲ. ನಿಂತಿರುವುದು ಒಂಟಿ ಮಗುವಾದರೂ ಇಲ್ಲ.